ಪಕ್ಷದ ನಾಯಕನಲ್ಲದ ಪ್ರಧಾನಿ: ಜಾನ್ ಎ. ಕಾಸ್ಟೆಲೊ

ಭಾರತ ಸಂವಿಧಾನದ ಪಾಠದಲ್ಲಿ ಐರ್ಲೆಂಡಿನ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ರಾಜ್ಯನೀತಿ ನಿರ್ದೇಶಕ ತತ್ವಗಳನ್ನು ಆ ದೇಶದಿಂದ ಪಡೆಯಲಾಗಿದೆ ಎಂದು ಬರೆಸಿ ನಾವು ಮುಂದಿನ ಅಂಶಕ್ಕೆ ಹೋಗುತ್ತೇವೆ. ಆದರೆ ಅದೇ ಸಮಾಜ ವಿಜ್ಞಾನ ಪುಸ್ತಕದಲ್ಲಿ ಸಮ್ಮಿಶ್ರ ಸರ್ಕಾರ, ಅವಿಶ್ವಾಸ ನಿರ್ಣಯ, ಅವಧಿಗೆ ಮುನ್ನ ಚುನಾವಣೆ ಎಂಬ ಪದಗಳೂ ಇವೆ. ಈ ಮೂರನ್ನೂ ಒಬ್ಬರ ಬದುಕಿನಲ್ಲಿ ತೋರಿಸಬೇಕೆಂದರೆ ಐರ್ಲೆಂಡಿನ ಜಾನ್ ಅಲೋಷಿಯಸ್ ಕಾಸ್ಟೆಲೊ ಅವರ ಜೀವನ ಒಳ್ಳೆಯ ಉದಾಹರಣೆ. ಎರಡು ಬಾರಿ ಪ್ರಧಾನಿಯಾದ ಅವರು ಒಮ್ಮೆಯೂ ತಮ್ಮ ಪಕ್ಷದ ಅಧ್ಯಕ್ಷರಾಗಿರಲಿಲ್ಲ.

ಬಾಲ್ಯ ಮತ್ತು ವಕೀಲಿ ವೃತ್ತಿ

ಕಾಸ್ಟೆಲೊ ಹುಟ್ಟಿದ್ದು 1891ರ ಜೂನ್ 20ರಂದು, ಡಬ್ಲಿನ್ ನಗರದಲ್ಲಿ. ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿ ಓದಿ 1914ರಲ್ಲಿ ವಕೀಲರಾದರು. ಅವರ ಪೀಳಿಗೆಯ ಬಹುತೇಕ ನಾಯಕರು ಬಂದೂಕು ಹಿಡಿದು ರಾಜಕೀಯಕ್ಕೆ ಬಂದವರು. ಇವರು ಕಾನೂನಿನ ಪುಸ್ತಕ ಹಿಡಿದು ಬಂದರು. ಮುಂದೆ ಅವರಿಗೆ ದೊರೆತ ಸ್ಥಾನಕ್ಕೆ ಈ ವ್ಯತ್ಯಾಸವೇ ಕಾರಣವಾಯಿತು.

1922ರಲ್ಲಿ ಬ್ರಿಟನ್ನಿನೊಡನೆ ಮಾಡಿಕೊಂಡ ಒಪ್ಪಂದವನ್ನು ಒಪ್ಪಿದವರು ಮತ್ತು ಒಪ್ಪದವರ ನಡುವೆ ಅಂತರ್ಯುದ್ಧ ನಡೆಯಿತು. ಒಪ್ಪಿದವರ ಪರಂಪರೆಯಿಂದ ಫೀನೆ ಗೇಲ್ ಪಕ್ಷವೂ, ವಿರೋಧಿಸಿದವರಿಂದ ಏಮನ್ ಡಿ ವಲೇರಾ ಅವರ ಫೀನಾ ಫಾಲ್ ಪಕ್ಷವೂ ಬೆಳೆದವು. ಕಾಸ್ಟೆಲೊ ಮೊದಲ ಬಣದವರು. 1926ರಿಂದ 1932ರವರೆಗೆ ಅಟಾರ್ನಿ ಜನರಲ್ ಆಗಿದ್ದರು. 1933ರಲ್ಲಿ ಕೆಳಮನೆಗೆ, ಅಂದರೆ ಡಾಯ್ಲ್‌ಗೆ ಆಯ್ಕೆಯಾದರು. 1943ರಲ್ಲಿ ಸೋತು ಮರುವರ್ಷವೇ ಮತ್ತೆ ಗೆದ್ದರು.

1948: ಐದು ಪಕ್ಷಗಳ ಸರ್ಕಾರ

ಡಿ ವಲೇರಾ 1932ರಿಂದ ಸತತವಾಗಿ ಅಧಿಕಾರದಲ್ಲಿದ್ದರು. ತಮಗೆ ಅನುಕೂಲ ಕಂಡಾಗ ಅವಧಿಗೆ ಮುನ್ನವೇ ಚುನಾವಣೆ ಕರೆಯುವುದು ಅವರಿಗೆ ರೂಢಿಯಾಗಿತ್ತು. 1947ರ ಅಕ್ಟೋಬರ್ ಉಪಚುನಾವಣೆಗಳಲ್ಲಿ ಕ್ಲಾನ್ ನಾ ಪೊಬ್ಲಾಕ್ಟ ಎಂಬ ಹೊಸ ಪಕ್ಷ ಎರಡು ಸ್ಥಾನ ಗೆದ್ದಿತು. ಅದು ಬೇರೂರುವ ಮೊದಲೇ ತಡೆಯಬೇಕೆಂದು ಡಿ ವಲೇರಾ 1948ರ ಫೆಬ್ರುವರಿ 4ರಂದು ಮಹಾಚುನಾವಣೆ ನಡೆಸಿದರು. ಅವಧಿ ಮುಗಿಯಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು.

147 ಸ್ಥಾನಗಳಲ್ಲಿ ಫೀನಾ ಫಾಲ್ 68 ಪಡೆಯಿತು. ಫೀನೆ ಗೇಲ್ 31, ಲೇಬರ್ 14, ಕ್ಲಾನ್ ನಾ ಪೊಬ್ಲಾಕ್ಟ 10, ರೈತರ ಪಕ್ಷವಾದ ಕ್ಲಾನ್ ನಾ ಟಾಲೂನ್ 7, ನ್ಯಾಷನಲ್ ಲೇಬರ್ 5, ಪಕ್ಷೇತರರು 12. ಬಹುಮತಕ್ಕೆ 74 ಬೇಕು. ಫೀನಾ ಫಾಲ್ ಬಿಟ್ಟು ಉಳಿದ ಐದೂ ಪಕ್ಷಗಳನ್ನು ಕೂಡಿಸಿದರೂ 67. ಅಂದರೆ ಪಕ್ಷೇತರರೂ ಜೊತೆಗೆ ಬರಬೇಕಿತ್ತು.

ಲೆಕ್ಕಕ್ಕಿಂತ ಕಠಿಣವಾದದ್ದು ನಾಯಕನ ಪ್ರಶ್ನೆ. ಫೀನೆ ಗೇಲ್ ಅಧ್ಯಕ್ಷ ರಿಚರ್ಡ್ ಮಲ್ಕಹಿ ಅಂತರ್ಯುದ್ಧದಲ್ಲಿ ಸರ್ಕಾರಿ ಸೇನೆಯ ಮುಖ್ಯಸ್ಥರಾಗಿದ್ದವರು. ಆಗ ಸೆರೆ ಸಿಕ್ಕ ವಿರೋಧಿಗಳಲ್ಲಿ ಅನೇಕರಿಗೆ ಮರಣದಂಡನೆಯಾಗಿತ್ತು. ಕ್ಲಾನ್ ನಾ ಪೊಬ್ಲಾಕ್ಟದ ನಾಯಕ ಷಾನ್ ಮ್ಯಾಕ್‌ಬ್ರೈಡ್ ಎದುರು ಪಾಳೆಯದಲ್ಲಿದ್ದವರು. ಮಲ್ಕಹಿ ಕೈಕೆಳಗೆ ಕೆಲಸ ಮಾಡಲು ಅವರ ಪಕ್ಷ ಸಿದ್ಧವಿರಲಿಲ್ಲ. ಮಲ್ಕಹಿ ಹಟ ಹಿಡಿಯದೆ ಪಕ್ಕಕ್ಕೆ ಸರಿದು, ಆಮೇಲೆ ಶಿಕ್ಷಣ ಮಂತ್ರಿಯಾದರು. ಯುದ್ಧದ ಕಲೆ ಅಂಟದ ಕಾಸ್ಟೆಲೊ ಹೆಸರು ಎಲ್ಲರಿಗೂ ಒಪ್ಪಿಗೆಯಾಯಿತು. ವಕೀಲಿ ವೃತ್ತಿ ಬಿಡಲು ಮನಸ್ಸಿಲ್ಲದಿದ್ದರೂ ಅವರು ಒಪ್ಪಿ, ಫೆಬ್ರುವರಿ 18ರಂದು ಟೀಷಕ್ ಆದರು. ಐರ್ಲೆಂಡಿನಲ್ಲಿ ಪ್ರಧಾನಿಗೆ ಇರುವ ಹೆಸರು ಅದು.

ಗಣರಾಜ್ಯದ ಘೋಷಣೆ

ಈ ಸರ್ಕಾರದಲ್ಲಿ ಯಾವ ಪಕ್ಷದಿಂದ ಯಾರು ಮಂತ್ರಿ ಎಂಬುದನ್ನು ಆಯಾ ಪಕ್ಷವೇ ನಿರ್ಧರಿಸುತ್ತಿತ್ತು. ಪ್ರಧಾನಿಯ ಕೆಲಸ ಆಜ್ಞೆ ಮಾಡುವುದಕ್ಕಿಂತ ಹೊಂದಿಸಿಕೊಂಡು ಹೋಗುವುದೇ ಆಗಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿದ್ದ ಕಾಸ್ಟೆಲೊ, ಬ್ರಿಟಿಷ್ ದೊರೆಯೊಡನೆ ಉಳಿದಿದ್ದ ಕೊನೆಯ ಕಾನೂನಿನ ಕೊಂಡಿಯನ್ನೂ ಕಳಚುವುದಾಗಿ ಪತ್ರಕರ್ತರ ಮುಂದೆ ತಿಳಿಸಿದರು. ಸಂಪುಟ ಅದಕ್ಕೂ ಮೊದಲೇ ಸ್ಪಷ್ಟ ನಿರ್ಧಾರ ಮಾಡಿತ್ತೇ ಎಂಬ ಚರ್ಚೆ ಇಂದಿಗೂ ಇದೆ. ಆದರೆ ಕಾಯಿದೆ ಅಂಗೀಕಾರವಾಯಿತು. 1949ರ ಏಪ್ರಿಲ್ 18ರಂದು ಐರ್ಲೆಂಡ್ ಗಣರಾಜ್ಯವಾಗಿ ಕಾಮನ್‌ವೆಲ್ತ್‌ನಿಂದ ಹೊರಬಂತು. ಅದೇ ತಿಂಗಳ ಕೊನೆಯಲ್ಲಿ ಲಂಡನ್ನಿನ ಘೋಷಣೆಯ ಮೂಲಕ ಭಾರತ ಗಣರಾಜ್ಯವಾಗಿಯೂ ಕಾಮನ್‌ವೆಲ್ತ್‌ನಲ್ಲಿ ಉಳಿಯುವ ದಾರಿ ತೆರೆಯಿತು. ಒಂದೇ ತಿಂಗಳಲ್ಲಿ ಎರಡು ದೇಶಗಳು ಎರಡು ದಾರಿ ಹಿಡಿದದ್ದನ್ನು ತರಗತಿಯಲ್ಲಿ ಹೋಲಿಸಬಹುದು.

ತಾಯಿ ಮಗುವಿನ ಯೋಜನೆ

ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್ ಮ್ಯಾಕ್‌ಬ್ರೈಡ್ ಪಕ್ಷದ ತರುಣ ವೈದ್ಯ. ಸದನಕ್ಕೆ ಕಾಲಿಟ್ಟ ಮೊದಲ ದಿನವೇ ಮಂತ್ರಿಯಾದವರು. ಕ್ಷಯರೋಗ ಅವರ ತಂದೆತಾಯಿಯರನ್ನು ಬಲಿ ತೆಗೆದುಕೊಂಡಿತ್ತು, ಅವರಿಗೂ ತಗುಲಿತ್ತು. ಕ್ಷಯ ರೋಗಿಗಳಿಗಾಗಿ ಅವರು ವೇಗವಾಗಿ ಆಸ್ಪತ್ರೆ ಹಾಸಿಗೆಗಳನ್ನು ಹೆಚ್ಚಿಸಿದರು.

ಬಳಿಕ ಅವರು ತಾಯಂದಿರಿಗೂ 16 ವರ್ಷದವರೆಗಿನ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದರು. ವೈದ್ಯರ ಸಂಘ ವಿರೋಧಿಸಿತು. ಕುಟುಂಬದ ವಿಷಯದಲ್ಲಿ ಸರ್ಕಾರ ಕೈಹಾಕುತ್ತಿದೆ ಎಂದು ಕ್ಯಾಥೊಲಿಕ್ ಬಿಷಪ್ಪರೂ ಆಕ್ಷೇಪಿಸಿದರು. ಸಂಪುಟ ಬ್ರೌನ್ ಬೆನ್ನಿಗೆ ನಿಲ್ಲಲಿಲ್ಲ. ಅವರದೇ ಪಕ್ಷದ ನಾಯಕ ಮ್ಯಾಕ್‌ಬ್ರೈಡ್ ರಾಜೀನಾಮೆ ಕೇಳಿದರು. 1951ರ ಏಪ್ರಿಲ್‌ನಲ್ಲಿ ಬ್ರೌನ್ ಹೊರನಡೆದು, ಪತ್ರವ್ಯವಹಾರವನ್ನೆಲ್ಲ ಪತ್ರಿಕೆಗೆ ಕೊಟ್ಟರು. ಧರ್ಮಗುರುಗಳ ಮಾತನ್ನು ಕ್ಯಾಥೊಲಿಕನಾಗಿ ತಾನು ಪಾಲಿಸುವುದಾಗಿ ಕಾಸ್ಟೆಲೊ ಸದನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು.

ಕಾಸ್ಟೆಲೊ ಅವರನ್ನು ಅಳೆಯುವಾಗ ಈ ಘಟನೆಯನ್ನು ಮೃದುಗೊಳಿಸಬಾರದು. ಎಲ್ಲರನ್ನೂ ಜೊತೆಗಿಟ್ಟುಕೊಳ್ಳುವ ಅವರ ಗುಣವೇ ಸರ್ಕಾರವನ್ನು ಕಟ್ಟಿತು. ಆದರೆ ಇಲ್ಲಿ ಹೊಂದಾಣಿಕೆಯ ಬೆಲೆ ತೆತ್ತವರು ಆ ಮೇಜಿನ ಸುತ್ತ ಕುಳಿತವರಲ್ಲ, ಬಡ ತಾಯಂದಿರು ಮತ್ತು ಮಕ್ಕಳು. ಫೀನಾ ಫಾಲ್ ಸರ್ಕಾರ 1953ರಲ್ಲಿ ತಂದ ಕಾಯಿದೆಯಲ್ಲಿ ಆದಾಯದ ಮಿತಿ ಉಳಿದೇ ಇತ್ತು.

ಎರಡು ವಿಸರ್ಜನೆಗಳು

ಬ್ರೌನ್ ಪ್ರಕರಣದ ಬೆನ್ನಿಗೇ ಹಾಲಿನ ದರದ ವಿಷಯದಲ್ಲಿ ಗ್ರಾಮೀಣ ಸದಸ್ಯರು ಬೆಂಬಲ ಹಿಂತೆಗೆದರು. ಸದನದಲ್ಲಿ ಸೋಲುವವರೆಗೆ ಕಾಯದೆ ಕಾಸ್ಟೆಲೊ ವಿಸರ್ಜನೆ ಕೋರಿದರು. ಇದರಲ್ಲಿ ಒಂದು ಕಾನೂನಿನ ಸೂಕ್ಷ್ಮವಿದೆ. ಬಹುಮತ ಕಳೆದುಕೊಂಡ ಪ್ರಧಾನಿ ವಿಸರ್ಜನೆ ಕೇಳಿದರೆ ನಿರಾಕರಿಸುವ ವಿವೇಚನಾಧಿಕಾರವನ್ನು 1937ರ ಸಂವಿಧಾನದ 13ನೇ ವಿಧಿ ಅಧ್ಯಕ್ಷರಿಗೆ ಕೊಟ್ಟಿದೆ. 1951ರ ಮೇ 30ರಂದು ಚುನಾವಣೆ ನಡೆದು ಡಿ ವಲೇರಾ ಪಕ್ಷೇತರರ ಬಲದಿಂದ ಮರಳಿದರು. ಕ್ಲಾನ್ ನಾ ಪೊಬ್ಲಾಕ್ಟ 10ರಿಂದ 2 ಸ್ಥಾನಕ್ಕೆ ಕುಸಿಯಿತು.

ವಕೀಲಿಗೆ ಮರಳಿದ ಕಾಸ್ಟೆಲೊ 1954ರ ಆರಂಭದಲ್ಲಿ, ಪತ್ರಿಕೆಯೊಂದರ ಮೇಲೆ ಕವಿ ಪ್ಯಾಟ್ರಿಕ್ ಕ್ಯಾವನಾ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ಕವಿಯನ್ನು ಕಠಿಣವಾಗಿ ಪಾಟೀಸವಾಲಿಗೆ ಒಳಪಡಿಸಿದರು. ಕವಿ ಸೋತರು. ಮುಂದೆ ಅದೇ ಕವಿಗೆ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸದ ಕೆಲಸ ಸಿಗಲು ಕಾಸ್ಟೆಲೊ ನೆರವಾದರು.

ಅದೇ ವರ್ಷ ಜೂನ್‌ನಲ್ಲಿ ಅವರು ಎರಡನೆಯ ಬಾರಿ ಪ್ರಧಾನಿಯಾದರು. 1955ರ ಡಿಸೆಂಬರ್‌ನಲ್ಲಿ ಐರ್ಲೆಂಡ್ ವಿಶ್ವಸಂಸ್ಥೆ ಸೇರಿತು. ಆದರೆ ವಿದೇಶಿ ಪಾವತಿಯ ಬಿಕ್ಕಟ್ಟು, ಆಮದಿನ ಮೇಲೆ ಹೆಚ್ಚುವರಿ ಸುಂಕ, ಕೆಲಸ ಹುಡುಕಿ ದೇಶ ಬಿಡುವ ತರುಣರು, ಇವು ಸರ್ಕಾರವನ್ನು ಬಳಲಿಸಿದವು. 1956ರ ಕೊನೆಯಲ್ಲಿ ಉತ್ತರ ಐರ್ಲೆಂಡ್ ಗಡಿಯಲ್ಲಿ ಐಆರ್‌ಎ ದಾಳಿಗಳು ಆರಂಭವಾದವು. ಸರ್ಕಾರ ಕಠಿಣ ಕ್ರಮ ಕೈಗೊಂಡಿತು. 1957ರ ಜನವರಿಯಲ್ಲಿ ಹೊರಗಿನಿಂದ ಬೆಂಬಲಿಸುತ್ತಿದ್ದ ಮ್ಯಾಕ್‌ಬ್ರೈಡ್ ಅವಿಶ್ವಾಸ ನಿರ್ಣಯದ ಸೂಚನೆ ಕೊಟ್ಟರು. ಕಾಸ್ಟೆಲೊ ಮತ್ತೆ ವಿಸರ್ಜನೆಯ ದಾರಿ ಹಿಡಿದರು. ಮಾರ್ಚ್ ಚುನಾವಣೆಯಲ್ಲಿ ಫೀನಾ ಫಾಲ್ 78 ಸ್ಥಾನ ಗೆದ್ದಿತು.

ಕಾಸ್ಟೆಲೊ 1969ರವರೆಗೆ ಸದಸ್ಯರಾಗಿ ಉಳಿದರು. 1975ರಲ್ಲಿ ಡಬ್ಲಿನ್ ನಗರ ಅವರಿಗೂ ಡಿ ವಲೇರಾ ಅವರಿಗೂ ಪೌರ ಗೌರವ ನೀಡಿತು. 1976ರ ಜನವರಿ 5ರಂದು ಅವರು ತೀರಿಕೊಂಡರು. ಆಗ ಅಧಿಕಾರದಲ್ಲಿದ್ದದ್ದೂ ಸಮ್ಮಿಶ್ರ ಸರ್ಕಾರವೇ. ಅದರ ಪ್ರಧಾನಿ ಲಿಯಮ್ ಕಾಸ್ಗ್ರೇವ್ ಹಿಂದೆ ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದವರು.

ತರಗತಿಯಲ್ಲಿ ಬಳಕೆ

1. ಗಣಿತದೊಡನೆ ಸಮನ್ವಯ: ಐರ್ಲೆಂಡಿನಲ್ಲಿ ಏಕ ವರ್ಗಾವಣೀಯ ಮತ ಪದ್ಧತಿ ಇದೆ. ನಮ್ಮ ರಾಜ್ಯಸಭೆಯ ಚುನಾವಣೆಯೂ ಇದೇ ಪದ್ಧತಿಯಲ್ಲಿ ನಡೆಯುತ್ತದೆ. ಗೆಲ್ಲಲು ಬೇಕಾದ ಕೋಟಾ ತಿಳಿಯಲು ಸಿಂಧು ಮತಗಳನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಶೇಷ ಬಿಟ್ಟು, ಒಂದು ಕೂಡಿಸಬೇಕು. ಮೂರು ಸ್ಥಾನ, 40,000 ಮತ ಎಂದುಕೊಂಡರೆ ಕೋಟಾ 10,001. ಒಂದೇ ಪಕ್ಷಕ್ಕೆ ಬಹುಮತ ಏಕೆ ಕಷ್ಟ ಎಂಬುದನ್ನು ಮಕ್ಕಳು ಈ ಲೆಕ್ಕದಿಂದಲೇ ಕಂಡುಕೊಳ್ಳಬಲ್ಲರು.

2. ಗುಂಪು ಚಟುವಟಿಕೆ: 1948ರ ಸ್ಥಾನಗಳನ್ನು ಚೀಟಿಯಲ್ಲಿ ಬರೆದು ಆರು ಪಕ್ಷಗಳ ಗುಂಪುಗಳಿಗೂ ಪಕ್ಷೇತರರ ಗುಂಪಿಗೂ ಹಂಚಿ, 74 ತಲುಪಲು ಹೇಳುವುದು. ಪ್ರತಿ ಗುಂಪೂ ತಾನು ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂಬ ಒಂದು ಷರತ್ತು ಬರೆಯಬೇಕು.

3. ಚರ್ಚೆಯ ಪ್ರಶ್ನೆ: ಬ್ರೌನ್ ಯೋಜನೆಯನ್ನು ಉಳಿಸಲು ಹೋಗಿ ಸರ್ಕಾರ ಬಿದ್ದಿದ್ದರೆ ಅದು ಸೋಲೋ, ಗೆಲುವೋ? ಉತ್ತರವನ್ನು ಶಿಕ್ಷಕರು ಮೊದಲೇ ಹೇಳದಿರುವುದು ಲೇಸು. ಮೌಲ್ಯಮಾಪನದಲ್ಲಿ ಯಾವ ಪಕ್ಷ ಹಿಡಿದರು ಎಂಬುದಕ್ಕಿಂತ ಯಾವ ಕಾರಣ ಕೊಟ್ಟರು ಎಂಬುದಕ್ಕೆ ಅಂಕ ಇರಲಿ.