ರೇಡಾರಿನ ವಿದ್ಯೆ ಕಲಿಸಿದ ನಂಜನಗೂಡಿನ ರಾಜೇಶ್ವರಿ

ನಂಜನಗೂಡಿನ ಕಪಿಲೆ ತಿರುಮಕೂಡಲಿಗೆ ಬಂದು ಕಾವೇರಿಯನ್ನು ಸೇರುತ್ತೆ. ಹತ್ತಿರದ ಸೋಸಲೆಯ ಕಡೆ ಹರಿಗೋಲು ಹಾಕುವವರಿಗೆ ರೇಡಾರ್ ಬೇಕಿಲ್ಲ. ಎದುರಿನ ದಡ ಕಣ್ಣಿಗೇ ಕಾಣುತ್ತೆ. ಆದರೆ ವಿಹಾರಕ್ಕೆ ಅಂತ ಸಣ್ಣ ದೋಣಿಯಲ್ಲಿ ಕಡಲಿಗಿಳಿದವರಿಗೆ, ಕತ್ತಲಲ್ಲಿ ಮಂಜು ಕವಿದರೆ, ದಾರಿ ಕಾಣಿಸೋದು ದೋಣಿಯ ಮೇಲಿನ ಬಿಳಿ ಗುಮ್ಮಟದೊಳಗೆ ಸುತ್ತುವ ಆಂಟೆನಾ. ಆ ಆಂಟೆನಾದ ಹಿಂದಿರುವ ಮೈಕ್ರೋವೇವ್ ವಿದ್ಯೆಯನ್ನು ಭಾರತದಲ್ಲಿ ಬೇರೂರಿಸಿದವರಲ್ಲಿ ಒಬ್ಬರು ಕಪಿಲೆ ದಡದವರೇ: ರಾಜೇಶ್ವರಿ ಚಟರ್ಜಿ.

ಹುಟ್ಟಿದ್ದು 1922ರ ಜನವರಿ 24ರಂದು, ನಂಜನಗೂಡಿನಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳ ಓದು ಶುರುವಾಗಿದ್ದು ಅಜ್ಜಿ ಕಟ್ಟಿದ ಶಾಲೆಯಲ್ಲೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬಿಎಸ್ಸಿ ಆನರ್ಸ್, ಎಂಎಸ್ಸಿ ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರಾದರು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು.

ಯುದ್ಧ ಮುಗಿದ ಮೇಲೆ ಸರ್ಕಾರ ಪ್ರತಿಭಾವಂತರನ್ನು ಹೊರದೇಶಕ್ಕೆ ಕಳಿಸುವ ವಿದ್ಯಾರ್ಥಿವೇತನ ಕೊಟ್ಟಿತು. ರಾಜೇಶ್ವರಿ ಆಯ್ಕೆಯಾಗಿ 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳ ತರಬೇತಿ, ಆಮೇಲೆ ಪಿಎಚ್‌ಡಿ. 1953ರಲ್ಲಿ ವಾಪಸ್ ಬಂದು ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು.

ಈ ವಿದ್ಯೆ ಯಾಕೆ ಮುಖ್ಯ? ರೇಡಾರ್ ಅಲೆ ಕಳಿಸಿ ಅದರ ಪ್ರತಿಧ್ವನಿಗೆ ಕಾಯುತ್ತೆ. ಒಂದೂವರೆ ಕಿಲೋಮೀಟರ್ ದೂರದ ದೋಣಿಗೆ ಬಡಿದ ಅಲೆ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನೊಳಗೆ ವಾಪಸ್ ಬರುತ್ತೆ. ಆದರೆ ಆಂಟೆನಾ ಚಿಕ್ಕದಾದಷ್ಟೂ ಅಲೆಯ ಕೋಲು ಅಗಲವಾಗುತ್ತೆ. ಕೋಲು 5 ಡಿಗ್ರಿ ಅಗಲವಿದ್ದರೆ, ಅಷ್ಟು ದೂರದಲ್ಲಿ ನೂರು ಮೀಟರ್ ಅಂತರದಲ್ಲಿರುವ ಎರಡು ದೋಣಿ ಪರದೆಯ ಮೇಲೆ ಒಂದೇ ಚುಕ್ಕೆ. ನಡುವೆ ದಾರಿ ಇದೆಯೋ ಇಲ್ಲವೋ ತಿಳಿಯೋದೇ ಇಲ್ಲ. ಸಣ್ಣ ದೋಣಿಗೆ ದೊಡ್ಡ ಆಂಟೆನಾ ಹೊರೋಕಾಗಲ್ಲ, ವಿಮಾನಕ್ಕೂ ಅಷ್ಟೇ. ರಾಜೇಶ್ವರಿ ದೋಣಿಯ ರೇಡಾರ್ ತಯಾರಿಸಲಿಲ್ಲ. ಆಂಟೆನಾದಿಂದ ಅಲೆ ಹೇಗೆ ಹೊರಡುತ್ತೆ, ಎತ್ತ ಚಾಚುತ್ತೆ ಅನ್ನೋ ಬುನಾದಿಯ ಲೆಕ್ಕದಲ್ಲಿ ದುಡಿದರು. ನೂರಕ್ಕೂ ಹೆಚ್ಚು ಪ್ರಬಂಧ ಬರೆದರು, 20 ಮಂದಿಯ ಪಿಎಚ್‌ಡಿಗೆ ಮಾರ್ಗದರ್ಶನ ಮಾಡಿದರು, ವಿಭಾಗದ ಮುಖ್ಯಸ್ಥೆಯೂ ಆದರು.

1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಸಂಘಟನೆಯಲ್ಲಿ ತೊಡಗಿದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು.

ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಕೊಂಡಾಡಿ ಸುಮ್ಮನಾಗೋದು ಸುಲಭ. ಆದರೆ ಆ ಮೊದಲ ಹೆಜ್ಜೆಯ ಹಿಂದೆ ಅಜ್ಜಿಯ ಶಾಲೆಯಿತ್ತು, ಸರ್ಕಾರದ ದುಡ್ಡಿತ್ತು, ವಾಪಸ್ ಬಂದಾಗ ಕೆಲಸ ಕೊಟ್ಟ ಸಂಸ್ಥೆಯಿತ್ತು. ಪ್ರತಿಭೆ ಊರೂರಲ್ಲೂ ಹುಟ್ಟುತ್ತೆ. ಇವತ್ತು ಸೋಸಲೆಯಲ್ಲೋ ನಂಜನಗೂಡಿನಲ್ಲೋ ಲೆಕ್ಕದಲ್ಲಿ ಮುಂದಿರೋ ಹುಡುಗಿಗೆ ಈ ಮೂರರಲ್ಲಿ ಎಷ್ಟು ಸಿಗುತ್ತೆ? ಕೇಳಬೇಕಾದ್ದು ಅದನ್ನೇ.