ರಾಕ್ಷಸ ಯಾರು? ಸುರಪುರದ ಮೆಡೋಸ್ ಟೇಲರ್ ಸಾಹೇಬರ ಬದುಕು



1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಓದಿದವರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಜೀವ ಕೊಟ್ಟು ಕೈಬಿಟ್ಟವನು ರಾಕ್ಷಸನೋ, ಅವನ ಕೈಯಿಂದ ಹುಟ್ಟಿದ ಜೀವಿಯೋ? ಭಸ್ಮಾಸುರನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಇದೇ ಪ್ರಶ್ನೆಯನ್ನು ಕಾದಂಬರಿಯಲ್ಲಿ ಬರೆದು, ಬದುಕಿನಲ್ಲೂ ಎದುರಿಸಿದವರೊಬ್ಬರು ನಮ್ಮ ಹಳೆಯ ನಿಜಾಮ್ ಸೀಮೆಯಲ್ಲೇ ಇದ್ದರು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದರು. ಅದು ಕೈಗೂಡದೆ 1824ರಲ್ಲಿ ನಿಜಾಮರ ಸೈನ್ಯ ಸೇರಿದರು. ಇಲ್ಲಿನ ಭಾಷೆಗಳನ್ನು ಕಲಿತರು. ಪೊಲೀಸ್ ಕೆಲಸವನ್ನೂ ಮಾಡಿದರು.

1839ರಲ್ಲಿ ಬಂದ ‘ಕನ್ಫೆಷನ್ಸ್ ಆಫ್ ಎ ಥಗ್’ ಅವರಿಗೆ ಹೆಸರು ತಂದಿತು. ಕಥಾನಾಯಕ ಅಮೀರ್ ಅಲಿ. ಹೆತ್ತವರನ್ನು ದಾರಿಯಲ್ಲಿ ಕೊಂದ ಥಗ್ಗರ ನಾಯಕ ಇಸ್ಮಾಯಿಲ್, ಈ ಕೂಸನ್ನು ಮಾತ್ರ ಉಳಿಸಿ ಮಗನಂತೆ ಸಾಕುತ್ತಾನೆ, ತನ್ನ ಕಸುಬನ್ನೇ ಕಲಿಸುತ್ತಾನೆ. ಫ್ರಾಂಕೆನ್‌ಸ್ಟೈನ್ ತನ್ನ ಸೃಷ್ಟಿಯನ್ನು ಕಂಡು ಓಡಿಹೋದ. ಇಸ್ಮಾಯಿಲ್ ಪ್ರೀತಿಯಿಂದಲೇ ಕೊಲೆಗಾರನನ್ನು ಬೆಳೆಸಿದ. ಯಾವುದು ಹೆಚ್ಚು ಭಯಂಕರ?

1841ರಲ್ಲಿ ಟೇಲರ್ ಸುರಪುರಕ್ಕೆ ಬಂದರು. ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ. ಟೇಲರ್ ಸಂಸ್ಥಾನದ ಆಡಳಿತ ನೋಡಿಕೊಂಡರು, ಹುಡುಗನ ಪಾಲಕರಾದರು. ಹುಡುಗ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಗುಡ್ಡದ ಮೇಲೆ ಅವರು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಇದೆ. 1853ರಲ್ಲಿ ಅಧಿಕಾರವನ್ನು ಯುವರಾಜನಿಗೆ ಒಪ್ಪಿಸಿ ನಳದುರ್ಗದ ಕಡೆಗೆ ಹೊರಟರು.

ಐದೇ ವರ್ಷ ಕಳೆದಿತ್ತು. 1858ರ ಫೆಬ್ರುವರಿಯಲ್ಲಿ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದ. ಸೋಲಾಗಿ ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಸೆರೆಮನೆಗೇ ಹೋಗಿ ಅವನನ್ನು ಕಂಡರು. ಮರಣದಂಡನೆ ಸೆರೆವಾಸವಾಗಿ ಇಳಿಯಿತು. ಆದರೆ ಅದೇ ಮೇ ತಿಂಗಳಲ್ಲಿ ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತ. ಬ್ರಿಟಿಷರ ದಾಖಲೆ ಅದನ್ನು ಆತ್ಮಹತ್ಯೆ ಎನ್ನುತ್ತದೆ; ಕೊಲೆ ಎಂದು ನಂಬುವವರೂ ಇದ್ದಾರೆ.

ಟೇಲರ್ 1860ರಲ್ಲಿ ಊರಿಗೆ ಮರಳಿದರು. ‘ತಾರಾ’, ‘ಸೀತಾ’ ಮುಂತಾದ ಕಾದಂಬರಿಗಳನ್ನು ಬರೆದರು. 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಮರುವರ್ಷ ಅವರ ಆತ್ಮಕಥೆ ಪ್ರಕಟವಾಯಿತು.

ಕಂಪನಿಯ ಕಣ್ಣಿಗೆ ವೆಂಕಟಪ್ಪ ನಾಯಕ ಸಾಕಿದ ಕೈಗೇ ತಿರುಗಿಬಿದ್ದ ದ್ರೋಹಿ. ನಮಗೆ ಆತ ಸ್ವಾತಂತ್ರ್ಯದ ವೀರ. ಟೇಲರ್ ಹುಡುಗನನ್ನು ಪ್ರೀತಿಸಿದ್ದು ನಿಜ. ಅವನ ಮನೆಯನ್ನೇ ಆಳಿದ ಸರ್ಕಾರದ ನೌಕರರಾಗಿದ್ದದ್ದೂ ನಿಜ. ಸಾಕಿದವನ ಋಣಕ್ಕೆ ಬೆಳೆದವನು ತನ್ನ ನಾಡನ್ನೇ ಬಿಟ್ಟುಕೊಡಬೇಕೇ? ಕೂಡದು ಎಂದೇ ನಮ್ಮ ಅಭಿಪ್ರಾಯ. ಯಾರನ್ನಾದರೂ ರಾಕ್ಷಸ ಎನ್ನುವ ಮೊದಲು, ಆ ಹೆಸರಿಟ್ಟವರು ಯಾರು ಎಂದು ನೋಡಬೇಕು.

ಸುರಪುರವೂ ನಮ್ಮ ನಾರಾಯಣಖೇಡ, ಜಹೀರಾಬಾದ್, ತಾಂಡೂರುಗಳೂ 1956ರವರೆಗೆ ಒಂದೇ ರಾಜ್ಯದಲ್ಲಿದ್ದವು. ಗಡಿ ಬೇರೆಯಾದರೂ ಈ ಕಥೆ ನಮ್ಮದೇ. ಕಂಗ್ಟಿಯಿಂದ ಆ ಕಡೆ ಹೋಗುವ ಬಂಧುಗಳು ಮಕ್ಕಳಿಗೆ ಟೇಲರ್ ಮಂಜಿಲನ್ನೂ ಅರಮನೆಯನ್ನೂ ಒಟ್ಟಿಗೇ ತೋರಿಸಿ, ಎರಡು ಕಡೆಯ ಕಥೆಯನ್ನೂ ಹೇಳಿ ಎಂದು ಕೋರುತ್ತೇವೆ.