ಆಂಡರ್ಸನ್ ವೈದ್ಯರ ಕಳ್ಳಿಯ ತೋಟ

ಬೇಸಗೆಯ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ನಿಮ್ಮಲ್ಲಿ ಹಲವರು ಲಾಲ್‌ಬಾಗನ್ನು ನೋಡಿರಬಹುದು. ಆ ತೋಟಕ್ಕೂ ನಮ್ಮ ಚೆನ್ನೈ ನಗರದ ಸೈದಾಪೇಟೆಗೂ ಹಳೆಯದೊಂದು ನಂಟುಂಟು. ಅದಕ್ಕೆ ಕಾರಣರಾದವರು ಡಾಕ್ಟರ್ ಜೇಮ್ಸ್ ಆಂಡರ್ಸನ್ನರು.

ಇವರು 1738ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಸಮೀಪದಲ್ಲಿ ಜನಿಸಿದರು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಬಂದು, ಮುಂದೆ ಮದರಾಸಿನ ಮುಖ್ಯ ವೈದ್ಯಾಧಿಕಾರಿಗಳಾದರು. ಇಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾದುದು 1857ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಇವರು ನುಂಗಂಬಾಕ್ಕದಲ್ಲಿ ತೋಟ ಮಾಡಿ, ಗಿಡಗಳನ್ನು ಬೆಳೆಸಿ ಪರೀಕ್ಷಿಸುತ್ತಿದ್ದರು.

ಆಗ ಬೆಲೆಯುಳ್ಳ ಕೆಂಪು ಬಟ್ಟೆಗೆ ಬೇಕಾದ ಬಣ್ಣವು ಮೆಕ್ಸಿಕೋ ದೇಶದಿಂದ ಬರುತ್ತಿತ್ತು. ಪಾಪಾಸುಕಳ್ಳಿಯ ಮೇಲೆ ಬದುಕುವ ಸಣ್ಣ ಹುಳುಗಳನ್ನು ಒಣಗಿಸಿ ಅದನ್ನು ತಯಾರಿಸುತ್ತಿದ್ದರು. ಸ್ಪೇನಿನವರು ಈ ವ್ಯಾಪಾರವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. 1786ರಲ್ಲಿ ಆಂಡರ್ಸನ್ನರು ಮದರಾಸಿನ ಹುಲ್ಲಿನ ಮೇಲೆ ಅಂಥದೇ ಹುಳುಗಳನ್ನು ಕಂಡರು. ಹಿಗ್ಗಿನಿಂದ ಲಂಡನ್ನಿನ ಸರ್ ಜೋಸೆಫ್ ಬ್ಯಾಂಕ್ಸರಿಗೆ ಕಾಗದ ಬರೆದರು. ಆ ಕಾಗದಗಳನ್ನು ಅಚ್ಚು ಹಾಕಿಸಿಯೂ ಹಂಚಿದರು. ಆದರೆ ಆ ಹುಳುವಿನಿಂದ ಬಣ್ಣ ದೊರೆಯಲಿಲ್ಲ! ಊರಿಗೆಲ್ಲ ಸಾರಿದ ಮಾತು ಹುಸಿಯಾದ ಮೇಲೆ ನಾನಾಗಿದ್ದರೆ ತೆಪ್ಪಗೆ ಕುಳಿತುಬಿಡುತ್ತಿದ್ದೆನು. ಅವರು ಕೂರಲಿಲ್ಲ. ನಿಜವಾದ ಹುಳು ದೊರೆತಾಗ ಅದಕ್ಕೆ ಮೇವು ಸಿದ್ಧವಾಗಿರಲೆಂದು ಕಂಪನಿಯ ನೆರವಿನಿಂದ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಎಬ್ಬಿಸಿದರು. ಅದರ ಮೇಲ್ವಿಚಾರಣೆ ಸೋದರಳಿಯನಾದ ಆಂಡ್ರೂ ಬೆರಿಯ ಪಾಲಿಗೆ ಬಂದಿತು.

1795ರಲ್ಲಿ ನೀಲ್ಸನ್ ಎಂಬ ಕಪ್ತಾನನು ಬ್ರೆಜಿಲ್ ದೇಶದಿಂದ ಕಲ್ಕತ್ತೆಗೆ ಹುಳುಗಳನ್ನು ತಂದನು. ದುರ್ದೈವದಿಂದ ಅವು ಕಾಡುಜಾತಿಯವು. ಅವುಗಳ ಬಣ್ಣ ಕೀಳುತರದ್ದು. ಹುಳುಗಳಿಂದ ಕಂಪನಿಗೆ ಹೇಳಿಕೊಳ್ಳುವಂಥ ಲಾಭವೇನೂ ಬರಲಿಲ್ಲ. ವಿನೋದವೆಂದರೆ, ಕಳ್ಳಿಯ ಮೇಲೆ ಸಾಕಲೆಂದು ತಂದ ಈ ಜಾತಿಯೇ ಮುಂದೆ ಹೊಲಗದ್ದೆಗಳಿಗೆ ಹಬ್ಬಿದ್ದ ಕಳ್ಳಿಯನ್ನು ನಾಶಪಡಿಸುವುದಕ್ಕೆ ಉಪಯೋಗವಾಯಿತು.

ಆಂಡರ್ಸನ್ನರ ಆಸಕ್ತಿ ಕಳ್ಳಿಯೊಂದಕ್ಕೇ ನಿಲ್ಲಲಿಲ್ಲ. ಹಿಪ್ಪುನೇರಳೆ ಬೆಳೆಸಿ, ಬಂಗಾಳದ ರೇಷ್ಮೆಹುಳುಗಳನ್ನು ತರಿಸಿ, ಅನೇಕ ಊರುಗಳಲ್ಲಿ ರೇಷ್ಮೆಯ ಕೃಷಿಗೆ ಪ್ರೋತ್ಸಾಹ ಕೊಟ್ಟರು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾಯಿತು. ಹೈದರಾಲಿಯು ಆರಂಭಿಸಿದ ಲಾಲ್‌ಬಾಗು ಕಂಪನಿಯ ವಶಕ್ಕೆ ಬಂದು, ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞರಿಗೆ ಒಪ್ಪಿಸಲ್ಪಟ್ಟಿತು. ಸುಮಾರು 1800ರಲ್ಲಿ ಸೈದಾಪೇಟೆಯ ಗಿಡಗಳನ್ನು ಅಲ್ಲಿಗೆ ಸಾಗಿಸಿದರು. ನಾನು ಕನ್ನಡನಾಡಿನಿಂದ ಈ ಊರಿಗೆ ಬಂದವನು. ಆ ಗಿಡಗಳು ಈ ಊರಿನಿಂದ ಅಲ್ಲಿಗೆ ಹೋದವು.

ಆಂಡರ್ಸನ್ನರು 1809ರ ಆಗಸ್ಟ್ 6ರಂದು ತೀರಿಕೊಂಡರು. ಪ್ರಸಿದ್ಧ ಶಿಲ್ಪಿ ಚಾಂಟ್ರಿ ಕಡೆದ ಅವರ ಪ್ರತಿಮೆಯು ಇಲ್ಲಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿದೆ. ಸೈದಾಪೇಟೆಯಲ್ಲಿ ಕಳ್ಳಿಯ ತೋಟವಿದ್ದ ಕಡೆ ಈಗ ಮನೆಗಳೂ ಅಂಗಡಿಗಳೂ ತುಂಬಿವೆ.